ನಾಯಿಯ ಬೆನ್ನುಹುರಿಗೆ ಏಟು: ಕೈಬಿಡುವ ಮುಂಚೆ

ತೋಟದ ಮನೆಯಲ್ಲಿ ನಾಯಿ ಅಂದರೆ ಸಂಬಳವಿಲ್ಲದ ಕಾವಲುಗಾರ. ಹಂದಿ, ಮಂಗ, ಮುಳ್ಳುಹಂದಿ, ರಾತ್ರಿ ಬರುವ ಕಳ್ಳ, ಎಲ್ಲಕ್ಕೂ ಅದೇ ಮುಂದೆ. ಹಾಗಾಗಿ ಏಟು ಬೀಳುವುದೂ ಅದಕ್ಕೇ. ಜೀಪಿನಡಿಗೆ ಸಿಕ್ಕುತ್ತದೆ, ಹಂದಿ ಅಟ್ಟಿಸಿಕೊಂಡು ಹೋಗಿ ಧರೆಯಿಂದ ಉರುಳುತ್ತದೆ, ಪಿಕಪ್ಪಿನ ಹಿಂದಿನಿಂದ ಹಾರಿ ಬೀಳುತ್ತದೆ. ಮುಂಗಾಲು ಎಳೆದುಕೊಂಡು, ಹಿಂಗಾಲು ನೆಲಕ್ಕೆ ಬಿಟ್ಟುಕೊಂಡು ಅಂಗಳಕ್ಕೆ ಬರುತ್ತದೆ. 'ಸೊಂಟ ಬಿದ್ದು ಹೋಯ್ತು, ಇನ್ನು ಇದರದ್ದು ಮುಗೀತು' ಅನ್ನುವ ಮಾತು ಅಲ್ಲಿಗೆ ಬಂದುಬಿಡುತ್ತದೆ.

ಮುಗಿದೇ ಹೋಯಿತು ಅಂತ ಅಷ್ಟು ಬೇಗ ಹೇಳಲಾಗದು. ಹಿಂಗಾಲಿನ ಬಲ ಹೋದ ನಾಯಿಗಳಲ್ಲಿ ಹಲವು ಮತ್ತೆ ನಡೆಯುತ್ತವೆ. ಕೆಲವಕ್ಕೆ ಆಪರೇಶನ್ ಬೇಕು, ಕೆಲವಕ್ಕೆ ಬರೀ ಕಟ್ಟುನಿಟ್ಟಿನ ವಿಶ್ರಾಂತಿ ಸಾಕು. ಇನ್ನು ಕೆಲವಕ್ಕೆ ಏನು ಮಾಡಿದರೂ ಪ್ರಯೋಜನವಿಲ್ಲ. ಈ ಮೂರರಲ್ಲಿ ನಮ್ಮ ನಾಯಿ ಯಾವ ಗುಂಪಿಗೆ ಸೇರಿದ್ದು ಅಂತ ತಿಳಿಯುವುದು ಹೇಗೆ? ನಾವು ಮಾಡಬೇಕಾದ್ದೇನು, ಮಾಡಬಾರದ್ದೇನು? ಇದಿಷ್ಟು ಗೊತ್ತಿದ್ದರೆ ಹಣವೂ ಉಳಿಯುತ್ತದೆ, ನಾಯಿಯ ನರಳಾಟವೂ ತಪ್ಪುತ್ತದೆ.

ಬೆನ್ನಿನೊಳಗೆ ಏನುಂಟು?

ನಾಯಿಯ ಬೆನ್ನೆಲುಬು ಒಂದೇ ಎಲುಬಲ್ಲ, ಮಣಿಗಳ ಸರ. ಕುತ್ತಿಗೆಯಲ್ಲಿ 7, ಎದೆಯ ಭಾಗದಲ್ಲಿ 13, ಸೊಂಟದಲ್ಲಿ 7, ಅದರ ಹಿಂದೆ ಒಂದಕ್ಕೊಂದು ಬೆಸೆದುಕೊಂಡ 3, ಆಮೇಲೆ ಬಾಲದ ಮಣಿಗಳು. ಪಂಪ್‌ಸೆಟ್ಟಿನ ವಯರನ್ನು ಪಿವಿಸಿ ಪೈಪಿನೊಳಗೆ ಹಾಕಿ ಹುಗಿಯುತ್ತೇವಲ್ಲ, ಅದೇ ಥರ ಈ ಮಣಿಗಳ ನಡುವಿನ ಕೊಳವೆಯಲ್ಲಿ ಬೆನ್ನುಹುರಿ ಇದೆ. ಮಿದುಳಿನ ಆಜ್ಞೆ ಕಾಲಿಗೆ ಹೋಗುವುದು, ಕಾಲಿನ ನೋವು ಮಿದುಳಿಗೆ ಬರುವುದು ಇದರ ಮೂಲಕವೇ. ಮೂತ್ರ, ಸಗಣಿ ಹಿಡಿದಿಟ್ಟು ಬಿಡುವ ಹತೋಟಿಯೂ ಇದರದ್ದೇ.

ಮಣಿ ಮಣಿಗಳ ನಡುವೆ ಮೆತ್ತೆಯಂಥ ಬಿಲ್ಲೆಗಳಿವೆ. ಇದಕ್ಕೆ ಡಿಸ್ಕ್ ಅನ್ನುತ್ತಾರೆ. ಹೊರಗೆ ಗಟ್ಟಿ ನಾರಿನ ಸುತ್ತು, ಒಳಗೆ ಲೋಳೆಯಂಥ ತಿರುಳು.

ಪೈಪು ಒಡೆದರೂ ವಯರು ಸರಿಯಿದ್ದರೆ ಮೋಟಾರು ಓಡುತ್ತದೆ. ಪೈಪು ಸರಿಯಿದ್ದು ಒಳಗೆ ವಯರು ಜಜ್ಜಿದ್ದರೆ ಓಡುವುದಿಲ್ಲ. ನಾಯಿಯಲ್ಲೂ ಅಷ್ಟೇ. ಎಲುಬು ಮುರಿದದ್ದಕ್ಕಿಂತ ಹುರಿ ಎಷ್ಟು ಜಜ್ಜಿದೆ ಎನ್ನುವುದೇ ಮುಖ್ಯ. ಎದೆ ಮುಗಿದು ಸೊಂಟ ಶುರುವಾಗುವ ಜಾಗದಲ್ಲಿ ಏಟು ಹೆಚ್ಚು. ಪಕ್ಕೆಲುಬಿನ ಆಸರೆ ಇರುವ ಗಟ್ಟಿ ಭಾಗ ಅಲ್ಲಿಗೆ ಮುಗಿದು, ಬಾಗುವ ಭಾಗ ಅಲ್ಲಿಂದ ಆರಂಭ. ಬಗ್ಗಿಸಿದ ಕೋಲು ಅಂಥ ಕಡೆಯೇ ಮುರಿಯುವುದಲ್ಲವೆ?

ಕಾರಣ ಒಂದೇ ಅಲ್ಲ

ನಮ್ಮ ನಾಟಿ ನಾಯಿಗಳಲ್ಲಿ ಮುಖ್ಯ ಕಾರಣ ವಾಹನ ಮತ್ತು ಬೀಳುವುದು. ಮಣಿ ಮುರಿಯುತ್ತದೆ, ಇಲ್ಲವೇ ಒಂದರ ಮೇಲೊಂದು ಜಾರುತ್ತದೆ. ಕಾಡುಹಂದಿಯ ಕೋರೆ, ದೊಡ್ಡ ನಾಯಿ ಸಣ್ಣ ನಾಯಿಯ ಬೆನ್ನು ಹಿಡಿದು ಕೊಡವುವುದು, ಇವೂ ಅದೇ ಕೆಲಸ ಮಾಡುತ್ತವೆ.

ಏನೂ ಏಟು ಬೀಳದೆಯೂ ಸೊಂಟ ಬೀಳಬಹುದು. ಗಿಡ್ಡ ಕಾಲಿನ ಉದ್ದ ಮೈಯ ಡ್ಯಾಶುಂಡ್, ಪೆಕಿನೀಸ್, ಹಾಗೆಯೇ ಬೀಗಲ್, ಕಾಕರ್ ಸ್ಪ್ಯಾನಿಯಲ್ ಜಾತಿಗಳಲ್ಲಿ ಡಿಸ್ಕಿನ ತಿರುಳು ಎಳೆ ಪ್ರಾಯದಲ್ಲೇ ಒಣಗಿ ಸುಣ್ಣಗಟ್ಟುತ್ತದೆ. ಒಂದು ದಿನ ಜಗಲಿಯಿಂದ ಹಾರಿದ್ದೇ ನೆಪ, ತಿರುಳು ಹೊರಗೆ ಚಿಮ್ಮಿ ಹುರಿಯನ್ನು ಒತ್ತುತ್ತದೆ. ನಿನ್ನೆ ಓಡಾಡಿದ ನಾಯಿ ಇಂದು ಏಳುವುದಿಲ್ಲ. ಅಲ್ಸೇಷನ್, ಲ್ಯಾಬ್ರಡಾರ್‌ನಂಥ ದೊಡ್ಡ ನಾಯಿಗಳಿಗೆ ವಯಸ್ಸಾದಾಗ ಡಿಸ್ಕು ಮೆಲ್ಲಮೆಲ್ಲನೆ ಉಬ್ಬಿ ಒತ್ತುವುದುಂಟು. ಈ ಎರಡು ಬಗೆಯನ್ನು ಸ್ವೀಡನ್ನಿನ ಹಾನ್ಸೆನ್ 1952ರಲ್ಲಿ ಬೇರೆಬೇರೆಯಾಗಿ ಗುರುತಿಸಿದರು. ಇಂದಿಗೂ ಪಶುವೈದ್ಯರು ಒಂದನೇ ಬಗೆ, ಎರಡನೇ ಬಗೆ ಅಂತ ಅವರ ಹೆಸರಿನಲ್ಲೇ ಕರೆಯುತ್ತಾರೆ.

ಇನ್ನೊಂದು ಉಂಟು. ಓಡುತ್ತಾ ಆಡುತ್ತಾ ಇದ್ದ ದೊಡ್ಡ ನಾಯಿ ಒಮ್ಮೆ ಕುಂಯ್ ಅಂತ ಕಿರುಚಿ ಬೀಳುತ್ತದೆ. ಒಂದು ಬದಿಯ ಕಾಲು ಹೆಚ್ಚು ಸೋತಿರುತ್ತದೆ. ಮರುದಿನ ಬೆನ್ನು ಒತ್ತಿದರೆ ನೋವೇ ಇಲ್ಲ. ಇದು ಡಿಸ್ಕಿನ ಚೂರು ಹುರಿಯ ರಕ್ತನಾಳಕ್ಕೆ ಸಿಕ್ಕಿಕೊಂಡು ಆಗುವಂಥದ್ದು. ಇದಕ್ಕೆ ಆಪರೇಶನ್ ಬೇಕಿಲ್ಲ. ಆರೈಕೆ ಮಾಡಿದರೆ ಹಲವು ನಾಯಿಗಳು ವಾರಗಳಲ್ಲಿ ಚೇತರಿಸಿಕೊಳ್ಳುತ್ತವೆ.

ಮೊದಲು ಇದನ್ನು ಯೋಚಿಸಿ

ಹಿಂಗಾಲು ಸೋತದ್ದೆಲ್ಲ ಬೆನ್ನಿನ ಏಟಲ್ಲ. ಬಿದ್ದದ್ದನ್ನೋ ವಾಹನ ಹೊಡೆದದ್ದನ್ನೋ ಯಾರೂ ನೋಡಿಲ್ಲ ಅಂತಾದರೆ ಎಚ್ಚರ ಬೇಕು.

ಮುಖ್ಯವಾಗಿ ಹುಚ್ಚುನಾಯಿ ರೋಗ. ಎಲ್ಲ ಹುಚ್ಚುನಾಯಿಯೂ ಓಡಾಡಿ ಕಚ್ಚುವುದಿಲ್ಲ. ಕೆಲವು ಮಂಕಾಗಿ ಮೂಲೆ ಸೇರಿ, ಹಿಂಗಾಲು ಸೋತು, ದವಡೆ ಜೋತು, ಜೊಲ್ಲು ಸುರಿಸುತ್ತವೆ. ಬೊಗಳುವ ಸ್ವರ ಬದಲಾಗುತ್ತದೆ. 'ಗಂಟಲಲ್ಲಿ ಎಲುಬು ಸಿಕ್ಕಿರಬೇಕು' ಅಂತ ಬಾಯಿಗೆ ಕೈ ಹಾಕುವುದು ಇಂಥಲ್ಲೇ. ಖಂಡಿತ ಹಾಕಬೇಡಿ. ಲಸಿಕೆ ಹಾಕಿಸದ ನಾಯಿ, ಕಾರಣ ಗೊತ್ತಿಲ್ಲದ ಸೋಲು ಅಂದರೆ ಮಕ್ಕಳನ್ನು ದೂರವಿಟ್ಟು ಡಾಕ್ಟ್ರಿಗೆ ಹೇಳಿ. ಕಚ್ಚಿದರೆ, ಗಾಯಕ್ಕೆ ಜೊಲ್ಲು ತಾಗಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ.

ಕಟ್ಟುಹಾವು, ನಾಗರಹಾವು ಕಚ್ಚಿದರೂ ನಾಯಿ ಕುಸಿಯುತ್ತದೆ. ಆಗ ನಾಲ್ಕೂ ಕಾಲು ಸೋಲುತ್ತವೆ, ರೆಪ್ಪೆ ಜೋಲುತ್ತದೆ, ಉಸಿರು ಕಷ್ಟವಾಗುತ್ತದೆ. ಅದಕ್ಕೆ ಬೇಕಾದ್ದು ಹಾವಿನ ವಿಷದ ಮದ್ದು, ಅದೂ ತಕ್ಷಣ. ಮರಿನಾಯಿಗಳಲ್ಲಿ ಡಿಸ್ಟೆಂಪರ್ ರೋಗ ಕಾಲು ಸೋಲಿಸಿ ಮಾಂಸಖಂಡ ಅದುರುವಂತೆ ಮಾಡುತ್ತದೆ. ವಾಹನ ಹೊಡೆದ ನಾಯಿಯಲ್ಲಿ ಬೆನ್ನು ಸರಿಯಿದ್ದು ಸೊಂಟದ ಗೂಡು ಅಥವಾ ತೊಡೆ ಮುರಿದಿರಲೂಬಹುದು. ಅಂಥದ್ದು ನೋವಿಗೆ ಏಳುವುದಿಲ್ಲ ಅಷ್ಟೆ. ಇದರ ದಾರಿ ಬೆನ್ನುಹುರಿಯ ಏಟಿಗಿಂತ ಎಷ್ಟೋ ಸುಲಭ.

ಮೊದಲ ಗಂಟೆಯ ಕೆಲಸ

ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ. ಮೆತ್ತಗಿನ ಬಟ್ಟೆಯ ಪಟ್ಟಿಯಿಂದ ಬಾಯಿ ಕಟ್ಟಿಕೊಳ್ಳಿ. ಆದರೆ ವಾಂತಿ ಮಾಡುತ್ತಿದ್ದರೆ, ಉಸಿರು ಕಟ್ಟುತ್ತಿದ್ದರೆ ಬಾಯಿ ಕಟ್ಟಬಾರದು. ತಲೆ ಮೇಲೆ ಕಂಬಳಿ ಹಾಕಿ ಹಿಡಿದರಾಯಿತು.

ಎತ್ತುವ ವಿಧಾನವೇ ಅರ್ಧ ಚಿಕಿತ್ಸೆ. ಮುಂಗಾಲಿನ ಕಂಕುಳಿಗೆ ಕೈ ಹಾಕಿ ಮಗು ಎತ್ತಿದ ಹಾಗೆ ಎತ್ತಿದರೆ ಹಿಂದಿನ ಭಾಗ ಜೋತುಬೀಳುತ್ತದೆ. ಮುರಿದ ಮಣಿ ಹುರಿಯನ್ನು ಇನ್ನಷ್ಟು ಜಜ್ಜುತ್ತದೆ. ನಡೆಯುತ್ತದೋ ನೋಡೋಣ ಅಂತ ನಿಲ್ಲಿಸುವುದೂ ಬೇಡ. ಒಂದು ಹಲಗೆ, ಹಳೆ ಬಾಗಿಲು, ಇಲ್ಲವೇ ನಾಲ್ಕೈದು ಅಡಿಕೆ ದಬ್ಬೆ ಜೋಡಿಸಿ ಗೋಣಿ ಸುತ್ತಿ ತಯಾರು ಮಾಡಿ. ಇಬ್ಬರು ಸೇರಿ ನಾಯಿಯನ್ನು ಮಲಗಿದ ಭಂಗಿಯಲ್ಲೇ, ತಲೆ, ಬೆನ್ನು, ಸೊಂಟ ಒಂದೇ ಸರಳರೇಖೆಯಲ್ಲಿ ಇರುವಂತೆ ಮೆಲ್ಲನೆ ಹಲಗೆಗೆ ಜಾರಿಸಿ. ಭುಜದ ಮೇಲೂ ಸೊಂಟದ ಮೇಲೂ ಅಗಲ ಬಟ್ಟೆಯ ಪಟ್ಟಿ ಹಾಕಿ ಹಲಗೆಗೆ ಕಟ್ಟಿ. ಎದೆ, ಹೊಟ್ಟೆ ಬಿಗಿಯಬಾರದು.

ಮನೆಯಲ್ಲಿರುವ ನೋವಿನ ಮಾತ್ರೆ ಕೊಡಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನಾಕ್, ಇವು ನಾಯಿಯ ಹೊಟ್ಟೆ, ಕಿಡ್ನಿ, ಲಿವರುಗಳಿಗೆ ಅಪಾಯ. ಮೇಲಾಗಿ, ಒಂದು ಬಗೆಯ ನೋವಿನ ಮದ್ದು ಹೊಟ್ಟೆಯಲ್ಲಿದ್ದಾಗ ಡಾಕ್ಟ್ರು ಸ್ಟಿರಾಯ್ಡ್ ಕೊಟ್ಟರೆ ಕರುಳಿನಲ್ಲಿ ರಕ್ತಸ್ರಾವ ಆಗಬಹುದು. ಏನಾದರೂ ಕೊಟ್ಟಾಗಿದ್ದರೆ ಮುಚ್ಚಿಡದೆ ಹೇಳಿ. ಅನ್ನವನ್ನೂ ಹಾಕಬೇಡಿ, ಅರಿವಳಿಕೆ ಕೊಡಬೇಕಾಗಿ ಬರಬಹುದು.

ಎಣ್ಣೆ ತಿಕ್ಕಿ ಎಳೆದು ಕೂರಿಸುವವರ ಕೈಗೆ ಬೆನ್ನುಮೂಳೆ ಕೊಡಲೇಬಾರದು. ಉಳಿದಿದ್ದ ವಯರೂ ಅಲ್ಲಿ ಕಡಿದುಹೋಗುತ್ತದೆ.

ಡಾಕ್ಟ್ರು ಮೊದಲು ಬೆನ್ನು ನೋಡದೆ ಒಸಡು, ಎದೆ, ಹೊಟ್ಟೆ ನೋಡಿದರೆ ಬೇಸರಿಸಬೇಡಿ. ವಾಹನ ಹೊಡೆದ ನಾಯಿ ಮೊದಲು ಸಾಯುವುದು ಒಳರಕ್ತಸ್ರಾವದಿಂದ, ಶ್ವಾಸಕೋಶದ ಏಟಿನಿಂದ, ಒಡೆದ ಮೂತ್ರಚೀಲದಿಂದ. ಜೀವ ಉಳಿದ ಮೇಲೆ ಬೆನ್ನಿನ ಮಾತು.

ಎಲ್ಲವನ್ನೂ ಹೇಳುವ ಒಂದು ಚಿವುಟು

ಬೆನ್ನುಹುರಿಯ ಏಟನ್ನು ಪಶುವೈದ್ಯರು ಐದು ಮೆಟ್ಟಿಲಾಗಿ ನೋಡುತ್ತಾರೆ. ಮೊದಲನೆಯದು, ಬರೀ ನೋವು, ನಡೆಯುತ್ತದೆ. ಎರಡು, ತೂರಾಡಿಕೊಂಡು ನಡೆಯುತ್ತದೆ. ಮೂರು, ನಡೆಯಲಾಗದು, ಆದರೆ ಕಾಲು ಆಡಿಸುತ್ತದೆ. ನಾಲ್ಕು, ಕಾಲು ಆಡುವುದೇ ಇಲ್ಲ, ಆದರೆ ಬೆರಳಿನ ಎಲುಬನ್ನು ಬಲವಾಗಿ ಚಿವುಟಿದರೆ ನೋವು ಗೊತ್ತಾಗುತ್ತದೆ. ಐದು, ಆ ಆಳದ ನೋವೂ ಇಲ್ಲ.

ನಾಲ್ಕಕ್ಕೂ ಐದಕ್ಕೂ ನಡುವೆ ಬಲು ದೊಡ್ಡ ಕಂದಕ ಉಂಟು. ಆಳದ ನೋವು ಇದೆ ಅಂದರೆ ಹುರಿಯಲ್ಲಿ ಎಳೆಗಳು ಇನ್ನೂ ಉಳಿದಿವೆ ಅಂತ ಅರ್ಥ. ಡಿಸ್ಕಿನ ತೊಂದರೆಯಲ್ಲಿ ಆಳದ ನೋವು ಇರುವಾಗಲೇ ಆಪರೇಶನ್ ಆದರೆ ಹತ್ತರಲ್ಲಿ ಸುಮಾರು ಒಂಬತ್ತು ನಾಯಿಗಳು ಮತ್ತೆ ನಡೆಯುತ್ತವೆ. ನೋವು ಹೋದ ಮೇಲೆ ಮಾಡಿದರೆ ಅರ್ಧದಷ್ಟು, ಅಥವಾ ಸ್ವಲ್ಪ ಹೆಚ್ಚು. ಆದರೆ ವಾಹನ ಹೊಡೆದು ಮಣಿ ಮುರಿದು ಅಥವಾ ಜಾರಿ, ಆಳದ ನೋವೂ ಇಲ್ಲ ಅಂತಾದರೆ ಆಸೆ ತೀರ ಕಡಿಮೆ. ಹತ್ತರಲ್ಲಿ ಒಂದು ನಡೆದರೆ ಹೆಚ್ಚು.

ಇಲ್ಲಿ ಎಲ್ಲರೂ ಮೋಸಹೋಗುವ ಒಂದು ವಿಷಯ ಉಂಟು. ಬೆರಳು ಚಿವುಟಿದಾಗ ಕಾಲು ಹಿಂದಕ್ಕೆ ಸೆಳೆದುಕೊಂಡರೆ ನೋವು ಗೊತ್ತಾಯಿತು ಅಂತಲ್ಲ. ಅದು ಹುರಿಯ ಕೆಳಗಿನ ತುಂಡು ತನ್ನಷ್ಟಕ್ಕೆ ಮಾಡುವ ಕೆಲಸ. ಮಿದುಳಿಗೆ ಸುದ್ದಿಯೇ ಹೋಗಿರುವುದಿಲ್ಲ. ನಾಯಿ ತಿರುಗಿ ನೋಡಬೇಕು, ಕೂಗಬೇಕು, ಕಚ್ಚಲು ಬರಬೇಕು. ಆಗ ಮಾತ್ರ ನೋವು ಇದೆ ಅಂತ ಲೆಕ್ಕ. ಈ ಪರೀಕ್ಷೆಯನ್ನು ಡಾಕ್ಟ್ರೇ ಮಾಡಲಿ. ನಾವು ಫಲಿತಾಂಶ ಕೇಳಿ ತಿಳಿದುಕೊಂಡರೆ ಸಾಕು. ಏಟಾದ ಹೊಸತರಲ್ಲಿ ನಾಯಿ ಆಘಾತದಲ್ಲಿದ್ದರೆ ಸರಿಯಾಗಿ ತಿಳಿಯದು. ಸುಧಾರಿಸಿದ ಮೇಲೆ ಮತ್ತೊಮ್ಮೆ ನೋಡಬೇಕಾಗುತ್ತದೆ.

ಮುಂಗಾಲು ಕೋಲಿನ ಹಾಗೆ ಸೆಟೆದು, ಹಿಂಗಾಲು ಹಿಂಜಿದ ಹತ್ತಿಯಂತಾದರೆ ನೋಡುವವರಿಗೆ ಹೆದರಿಕೆ. ಇದು ಎದೆ-ಸೊಂಟದ ನಡುವೆ ಜೋರು ಏಟಾದದ್ದರ ಗುರುತು. ಆದರೆ ಇದೊಂದನ್ನೇ ನೋಡಿ ಆಸೆ ಬಿಡಬೇಕಿಲ್ಲ.

ಎಕ್ಸ್‌ರೇ ಮತ್ತು ಸ್ಕ್ಯಾನಿಂಗ್

ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ, ಹುರಿ ಕಾಣುವುದಿಲ್ಲ. ಮಣಿ ಮುರಿದಿದೆಯೇ, ಎಷ್ಟು ಜಾರಿದೆ ಅಂತ ತಿಳಿಯಲು ಅದು ಬೇಕು. ಡಿಸ್ಕು ಎಲ್ಲಿ ಒತ್ತಿದೆ ಎಂದು ನೋಡಲು ಬೆನ್ನುಹುರಿಯ ಸುತ್ತ ಮದ್ದು ಬಿಟ್ಟು ಎಕ್ಸ್‌ರೇ ತೆಗೆಯುವ ಕ್ರಮ ಹಿಂದಿನಿಂದ ಇದೆ. ಈಗ ಸೌಕರ್ಯವಿದ್ದಲ್ಲಿ ಸಿಟಿ, ಎಂಆರ್‌ಐ ಸ್ಕ್ಯಾನಿಂಗ್ ಮಾಡುತ್ತಾರೆ. ಹುರಿಯನ್ನೇ ಚೆನ್ನಾಗಿ ತೋರಿಸುವುದು ಎಂಆರ್‌ಐ. ಎಕ್ಸ್‌ರೇಯಲ್ಲಿ ಮಣಿ ಸ್ವಲ್ಪವೇ ಜಾರಿದಂತೆ ಕಂಡರೂ ಏಟು ಬಿದ್ದ ಕ್ಷಣದಲ್ಲಿ ಅದು ಹೆಚ್ಚು ಜಾರಿ ವಾಪಸು ಬಂದಿರಬಹುದು. ಹಾಗಾಗಿ ಚಿತ್ರ ಒಂದನ್ನೇ ನೋಡಿ ತೀರ್ಮಾನವಿಲ್ಲ. ಚಿವುಟಿನ ಪರೀಕ್ಷೆ ಹೇಳಿದ್ದಕ್ಕೇ ತೂಕ ಹೆಚ್ಚು.

ಆಪರೇಶನ್ ಅಂದರೆ ಏನು ಮಾಡುತ್ತಾರೆ?

ಕೆಲಸ ಎರಡು. ಒತ್ತಡ ತೆಗೆಯುವುದು, ಅಲುಗಾಟ ನಿಲ್ಲಿಸುವುದು.

ಡಿಸ್ಕು ಒತ್ತಿದ್ದರೆ ಮಣಿಯ ಒಂದು ಬದಿಯ ಎಲುಬಿನ ಗೋಡೆಯಲ್ಲಿ ಕಿಟಕಿ ಕೊರೆದು, ಹೊರಗೆ ಚಿಮ್ಮಿದ ತಿರುಳನ್ನು ತೆಗೆಯುತ್ತಾರೆ. ಕುತ್ತಿಗೆಯಲ್ಲಾದರೆ ಕೆಳಗಿನಿಂದ, ಅಂದರೆ ಗಂಟಲಿನ ಕಡೆಯಿಂದ ಹೋಗುತ್ತಾರೆ. ಮಣಿ ಮುರಿದು ಜಾರಿದ್ದರೆ ಅದನ್ನು ಜಾಗಕ್ಕೆ ತಂದು, ಹಿಂದು ಮುಂದಿನ ಮಣಿಗಳಿಗೆ ಸ್ಟೀಲಿನ ಪಿನ್ನು ಅಥವಾ ಸ್ಕ್ರೂ ಹಾಕಿ, ಅವುಗಳ ತಲೆಗಳನ್ನೆಲ್ಲ ಸೇರಿಸಿ ಎಲುಬಿನ ಸಿಮೆಂಟಿನಲ್ಲಿ ಹುಗಿಯುತ್ತಾರೆ. ಆಧಾರ ಕಂಬಿಗೆ ಕಾಂಕ್ರೀಟು ಹಾಕಿದ ಹಾಗೆ. ಪ್ಲೇಟು ಹಾಕುವ ಕ್ರಮವೂ ಇದೆ, ಸಣ್ಣ ನಾಯಿಗಳಲ್ಲಿ ಪಿನ್ನು ತಂತಿ ಸೇರಿಸಿ ಕಟ್ಟುವುದೂ ಉಂಟು.

ಒಂದು ಮಾತು ತಲೆಯಲ್ಲಿರಲಿ. ಆಪರೇಶನ್ ಹುರಿಯನ್ನು ಬೆಸೆಯುವುದಿಲ್ಲ. ಉಳಿದ ಎಳೆಗಳು ಇನ್ನೂ ಹಾಳಾಗದಂತೆ ಮಾಡಿ ಅವು ಚೇತರಿಸಲು ಅವಕಾಶ ಕೊಡುತ್ತದೆ, ಅಷ್ಟೇ. ಆದ್ದರಿಂದ ತಡಮಾಡಿದಷ್ಟೂ ನಷ್ಟ. ಕಾಲು ಆಡದ ನಾಯಿಯನ್ನು 'ನಾಲ್ಕು ದಿನ ನೋಡುವ' ಅಂತ ಬಿಡಬಾರದು. ಅದೇ ದಿನ, ಹೆಚ್ಚೆಂದರೆ ಮರುದಿನ ತೀರ್ಮಾನವಾಗಬೇಕು.

ಹಿಂದೆ ಏಟು ಬಿದ್ದ ಕೂಡಲೇ ದೊಡ್ಡ ಪ್ರಮಾಣದಲ್ಲಿ ಸ್ಟಿರಾಯ್ಡ್ ಸೂಜಿಮದ್ದು ಕೊಡುತ್ತಿದ್ದರು. ಅದರಿಂದ ಆಗುವ ಲಾಭಕ್ಕಿಂತ ಹೊಟ್ಟೆ ಹುಣ್ಣು, ಸೋಂಕುಗಳ ತೊಂದರೆಯೇ ಹೆಚ್ಚು ಅಂತ ಕಂಡುಬಂದು, ಈಗ ಕಣ್ಣುಮುಚ್ಚಿ ಕೊಡುವ ಕ್ರಮವಿಲ್ಲ.

ಆಪರೇಶನ್ ಇಲ್ಲದೆ?

ಮಣಿ ಬಿರುಕುಬಿಟ್ಟಿದ್ದರೂ ಜಾರಿಲ್ಲ, ನಾಯಿ ಕಾಲು ಆಡಿಸುತ್ತದೆ ಅಂತಾದರೆ ವಿಶ್ರಾಂತಿಯಲ್ಲೇ ವಾಸಿಯಾಗುವುದುಂಟು. ವಿಶ್ರಾಂತಿ ಅಂದರೆ ಮನೆಯೊಳಗೆ ಕಟ್ಟಿಹಾಕುವುದಲ್ಲ. ನಾಯಿ ಎದ್ದು ತಿರುಗಿ ಮಲಗುವಷ್ಟೇ ಜಾಗದ ಗೂಡು. ಮೂಳೆ ಮುರಿದದ್ದಕ್ಕೆ 6ರಿಂದ 8 ವಾರ, ಸಣ್ಣ ಮಟ್ಟದ ಡಿಸ್ಕ್ ತೊಂದರೆಗೆ ಕನಿಷ್ಠ 4 ವಾರ. ಎರಡನೇ ವಾರಕ್ಕೆ ನಾಯಿ ಲವಲವಿಕೆಯಾಗಿ ಕಂಡಿತು ಅಂತ ಬಿಟ್ಟರೆ ಕೆಟ್ಟಿತು. ನೋವು ಕಡಿಮೆಯಾದಾಗಲೇ ಅದು ಹಾರುವುದು. ಬೆಳಗ್ಗೆ ಸಂಜೆ ಹೊಟ್ಟೆಯಡಿಗೆ ಟವೆಲ್ ಹಾಕಿ ಹಿಡಿದು ಹೊರಗೆ ತಂದು, ಕೆಲಸ ಮುಗಿದೊಡನೆ ವಾಪಸು ಗೂಡಿಗೆ.

ವಿಶ್ರಾಂತಿಯಲ್ಲಿರುವಾಗ ಕಾಲಿನ ಬಲ ಮತ್ತೂ ಕುಸಿದರೆ ಕಾಯದೆ ಡಾಕ್ಟ್ರ ಹತ್ತಿರ ಓಡಬೇಕು.

ಗೆಲ್ಲುವುದು, ಸೋಲುವುದು ಮನೆಯಲ್ಲಿ

ಆಪರೇಶನ್ ಡಾಕ್ಟ್ರದ್ದು. ನಂತರದ ಎರಡು ಮೂರು ತಿಂಗಳು ನಮ್ಮದು. ಹಲವು ನಾಯಿಗಳು ಕಳಕೊಳ್ಳುವುದು ಈ ಹಂತದಲ್ಲಿ.

ಮೂತ್ರ: ಹುರಿಗೆ ಏಟಾದ ನಾಯಿಗೆ ಮೂತ್ರಚೀಲ ತುಂಬಿದ್ದು ಗೊತ್ತಾಗುವುದಿಲ್ಲ, ಬಿಡಲೂ ಬರುವುದಿಲ್ಲ. ತುಂಬಿ ತುಳುಕಿ ತೊಟ್ಟಿಕ್ಕುತ್ತದೆ. ಅದನ್ನು ನೋಡಿ 'ತಾನೇ ಉಚ್ಚೆ ಮಾಡ್ತಾ ಉಂಟು' ಅಂದುಕೊಳ್ಳಬೇಡಿ. ಚೀಲ ಹಿಗ್ಗಿ ಬಲಗೆಟ್ಟರೆ, ಸೋಂಕು ಕಿಡ್ನಿಗೆ ಹತ್ತಿದರೆ ನಾಯಿ ಉಳಿಯದು. ದಿನಕ್ಕೆ ಮೂರು ನಾಲ್ಕು ಸಲ ಹೊಟ್ಟೆಯ ಹಿಂಭಾಗವನ್ನು ಎರಡೂ ಬದಿಯಿಂದ ಅಂಗೈಯಲ್ಲಿ ನಿಧಾನ ಒತ್ತಿ ಖಾಲಿ ಮಾಡಬೇಕು. ಆಸ್ಪತ್ರೆ ಬಿಡುವ ಮುಂಚೆ ಡಾಕ್ಟ್ರ ಎದುರಿನಲ್ಲೇ ಎರಡು ಸಲ ನೀವೇ ಮಾಡಿ ಕಲಿಯಿರಿ. ಬಿಗಿಯಾಗಿದ್ದರೆ ಬಲವಂತ ಮಾಡಬೇಡಿ, ಚೀಲ ಒಡೆಯಬಹುದು. ಸಡಿಲಿಸುವ ಮಾತ್ರೆಯೋ ನಳಿಗೆಯೋ ಬೇಕಾದೀತು. ಮೂತ್ರ ನಾತ ಹೊಡೆದರೆ, ಕೆಂಪಾದರೆ, ಕಲಕಿದಂತಾದರೆ ತಿಳಿಸಿ.

ಹುಣ್ಣು: ಒಂದೇ ಮಗ್ಗುಲಲ್ಲಿ ಮಲಗಿದರೆ ಎಲುಬು ಉಬ್ಬಿದ ಕಡೆ ಚರ್ಮ ಕೊಳೆಯುತ್ತದೆ. ಬೈಹುಲ್ಲು ದಪ್ಪಗೆ ಹಾಕಿ ಮೇಲೆ ಗೋಣಿ, ಅದರ ಮೇಲೆ ಒಣ ಬಟ್ಟೆ. ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಒದ್ದೆಯಾದ ಕೂಡಲೇ ತೊಳೆದು ಒರೆಸಿ. ಮಳೆಗಾಲದಲ್ಲಿ ನೊಣದ ಕಾಟ ಜೋರು. ಬಾಲದ ಬುಡ, ತೊಡೆ ಸಂದಿ ದಿನಕ್ಕೆರಡು ಸಲ ನೋಡದಿದ್ದರೆ ಹುಳ ಬಿದ್ದದ್ದು ಗೊತ್ತಾಗುವುದಿಲ್ಲ. ಆ ಜಾಗದಲ್ಲಿ ನಾಯಿಗೆ ನೋವೇ ಇಲ್ಲವಲ್ಲ, ಅದು ಹೇಳುವುದಿಲ್ಲ. ಹಳೆ ಸೊಳ್ಳೆಪರದೆ ಮುಚ್ಚಿದರೆ ಒಳ್ಳೆಯದು.

ವ್ಯಾಯಾಮ: ಡಾಕ್ಟ್ರು ಅಪ್ಪಣೆ ಕೊಟ್ಟ ಮೇಲೆ ಹಿಂಗಾಲಿನ ಒಂದೊಂದೇ ಸಂದನ್ನು ಮೆಲ್ಲನೆ ಮಡಚಿ ಬಿಡಿಸುವುದು, ಹತ್ತು ಹದಿನೈದು ಸಲ, ದಿನಕ್ಕೆ ಮೂರು ಹೊತ್ತು. ಆಮೇಲೆ ಟವೆಲಿನ ಆಸರೆಯಲ್ಲಿ ನಿಲ್ಲಿಸುವುದು. ಹೊಲಿಗೆ ಬಿಚ್ಚಿ ಗಾಯ ಪೂರ್ತಿ ಮಾಗಿದ ಮೇಲೆ ನೀರಿನಲ್ಲಿ ಆಡಿಸುವುದು ಬಹಳ ಒಳ್ಳೆಯದು. ಎದೆಮಟ್ಟದ ನೀರಿನಲ್ಲಿ ಮೈಭಾರ ಕಡಿಮೆಯಾಗಿ ಕಾಲು ಆಡುತ್ತದೆ. ತೋಟದ ಕೆರೆಯಲ್ಲಾದರೆ ಹಿಡಿದುಕೊಂಡೇ ಇರಿ, ಬಿಡಬೇಡಿ. ಜಾರುವ ನೆಲದಲ್ಲಿ ನಡೆಸಬೇಡಿ. ಸೆಗಣಿ ಸಾರಿಸಿದ ಅಂಗಳ ಸಿಮೆಂಟು ನೆಲಕ್ಕಿಂತ ವಾಸಿ.

ಊಟ: ಓಡಾಟವಿಲ್ಲದ ನಾಯಿಗೆ ಅನ್ನ ಕಡಿಮೆ ಮಾಡಿ. ಮೈಬಂದರೆ ಬೆನ್ನಿಗೇ ಭಾರ. ನೀರು ಧಾರಾಳ ಇರಲಿ.

ಬಲ ಬರುವುದು ಹೋದ ಕ್ರಮಕ್ಕೆ ಉಲ್ಟಾ. ಮೊದಲು ಆಳದ ನೋವು, ಆಮೇಲೆ ಬಾಲ ಅಥವಾ ಕಾಲಿನ ಅಲುಗಾಟ, ನಂತರ ನಿಲ್ಲುವುದು, ಕಟ್ಟಕಡೆಗೆ ಪಾದ ಸರಿಯಾಗಿ ಊರುವುದು. ಆಳದ ನೋವು ಇದ್ದ ಡಿಸ್ಕಿನ ನಾಯಿಗಳು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ಹೆಜ್ಜೆ ಹಾಕುತ್ತವೆ. ಐದನೇ ಮೆಟ್ಟಿಲಿನವಕ್ಕೆ ಮೂರು ತಿಂಗಳಾದರೂ ಕಾಯಬೇಕು.

ಐದನೇ ಮೆಟ್ಟಿಲಿನ ಡಿಸ್ಕಿನ ನಾಯಿಗಳಲ್ಲಿ ಹತ್ತರಲ್ಲೊಂದಕ್ಕೆ ಹುರಿಯೇ ಕರಗುತ್ತಾ ಮೇಲೆ ಮೇಲೆ ಹೋಗುವ ಕೇಡು ಬರುತ್ತದೆ. ಮೊದಲ ಕೆಲವು ದಿನಗಳಲ್ಲೇ ಮುಂಗಾಲೂ ಸೋತು ಉಸಿರಾಟ ಕಷ್ಟವಾಗುತ್ತದೆ. ಇದಕ್ಕೆ ಮದ್ದಿಲ್ಲ. ಕಂಡ ಕೂಡಲೇ ಶಾಂತಿಯಿಂದ ಕಳಿಸಿಕೊಡುವುದೇ ದಯೆ.

ನಮ್ಮೂರಿನ ಒಂದು ನಾಯಿ

ನಮ್ಮೂರಿನ ಒಬ್ಬ ಸಣ್ಣ ಹಿಡುವಳಿದಾರರ ನಾಯಿ ಹಂದಿಯ ಹಿಂದೆ ಓಡಿ ಎರಡಾಳೆತ್ತರದ ಧರೆಯಿಂದ ಬಿತ್ತು. ಹಲಗೆಗೆ ಕಟ್ಟಿ ಪಿಕಪ್ಪಿನಲ್ಲಿ ತಾಲೂಕು ಆಸ್ಪತ್ರೆಗೆ ತಂದರು.

'ಡಾಕ್ಟ್ರೇ, ಇದನ್ನು ಉಳಿಸಿ ಪ್ರಯೋಜನ ಉಂಟಾ?' ಅಂತ ಅವರದ್ದು ನೇರ ಪ್ರಶ್ನೆ.

'ಮೊದಲು ಬೆರಳು ಚಿವುಟಿ ನೋಡುವ. ಅದು ಹೇಳ್ತದೆ' ಅಂದರು ಡಾಕ್ಟ್ರು.

ಚಿವುಟಿದಾಗ ನಾಯಿ ತಿರುಗಿ ಗುರ್ರ್ ಅಂದಿತು. ಅಷ್ಟೇ ಸಾಕಾಯಿತು. ಎಕ್ಸ್‌ರೇಯಲ್ಲಿ ಸೊಂಟದ ಒಂದು ಮಣಿ ಜಾರಿದ್ದು ಕಂಡಿತು. ಮರುದಿನ ದೊಡ್ಡಾಸ್ಪತ್ರೆಯಲ್ಲಿ ಪಿನ್ನು, ಸಿಮೆಂಟು ಹಾಕಿಸಿದರು. ಮೂತ್ರ ತೆಗೆಯುವ ಕೆಲಸವನ್ನು ಮನೆಯೊಡತಿ ವಹಿಸಿಕೊಂಡರು. ದನ ಕರೆಯುವ ಹೊತ್ತು, ಮಧ್ಯಾಹ್ನದ ಊಟದ ಹೊತ್ತು, ಸಂಜೆ ಹಾಲಿನ ಹೊತ್ತು, ಮಲಗುವ ಮುಂಚೆ, ಹೀಗೆ ನಾಲ್ಕು ಸಲ. ಬೇರೆ ಹೊತ್ತು ಇಟ್ಟುಕೊಂಡಿದ್ದರೆ ಮರೆತೇ ಹೋಗುತ್ತಿತ್ತು ಅನ್ನುತ್ತಾರೆ ಅವರು. ಮೂರು ವಾರಕ್ಕೆ ಬಾಲ ಅಲುಗಿತು. ಎರಡು ತಿಂಗಳಾಗುವಾಗ ನಾಲ್ಕು ಹೆಜ್ಜೆ. ಈಗ ಹಿಂಭಾಗ ಸ್ವಲ್ಪ ಓಲಾಡಿಸಿಕೊಂಡು ಅಂಗಳದಲ್ಲಿ ಕಾವಲು ಕಾಯುತ್ತದೆ. ಹಂದಿ ಓಡಿಸಲು ಆಗುವುದಿಲ್ಲ, ಬೊಗಳಿ ಎಬ್ಬಿಸುತ್ತದೆ.

'ಖರ್ಚು ನೋಡಿದರೆ ಎರಡು ಹೊಸ ನಾಯಿ ಸಾಕಬಹುದಿತ್ತು. ಆದ್ರೆ ಅದು ನಮ್ಮ ತೋಟಕ್ಕೋಸ್ಕರ ಬಿದ್ದದ್ದಲ್ವಾ?' ಎಂಬುದು ಅವರ ಲೆಕ್ಕ.

ನಡೆಯದೇ ಹೋದರೆ

ಕೆಲವು ನಾಯಿಗಳು ನೋವಿನ ಅರಿವು ಬಾರದೆಯೂ ತಿಂಗಳುಗಳ ಮೇಲೆ ಒಂದು ಬಗೆಯ ಅಡ್ಡಾದಿಡ್ಡಿ ನಡಿಗೆ ಕಲಿಯುತ್ತವೆ. ಹುರಿಯ ಕೆಳಭಾಗ ತಾನೇ ಕಾಲಿನ ಲಯ ಹಿಡಿಯುವುದರಿಂದ ಇದು ಸಾಧ್ಯ. ಉಳಿದವಕ್ಕೆ ಗಾಲಿ ಗಾಡಿ ಇದೆ. ಸೊಂಟಕ್ಕೆ ಆಸರೆ ಕೊಟ್ಟು ಹಿಂದೆ ಎರಡು ಚಕ್ರ. ಪಿವಿಸಿ ಪೈಪು, ಮಕ್ಕಳ ಸೈಕಲ್ಲಿನ ಸಣ್ಣ ಚಕ್ರ, ಹಳೆ ಬೆಲ್ಟು ಇದ್ದರೆ ಊರಿನಲ್ಲೇ ಮಾಡಿಸಬಹುದು. ಬೆನ್ನು ನೇರ ಇರಬೇಕು, ತೊಡೆಸಂದಿಗೆ ಉಜ್ಜಬಾರದು, ಗಾಡಿಯಲ್ಲೇ ದಿನವಿಡೀ ಬಿಡಬಾರದು. ಸಪಾಟು ಅಂಗಳಕ್ಕೆ ಇದು ಆಗುತ್ತದೆ, ಮೆಟ್ಟಿಲು ಮೆಟ್ಟಿಲಾದ ತೋಟಕ್ಕಲ್ಲ.

ಹೊಸ ದಾರಿಯ ಹುಡುಕಾಟವೂ ನಡೆದಿದೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಸೊಂಟ ಬಿದ್ದ 34 ಸಾಕುನಾಯಿಗಳ ಮೇಲೆ ಒಂದು ಪ್ರಯೋಗ ಮಾಡಿ 2012ರಲ್ಲಿ ಪ್ರಕಟಿಸಿದರು. ನಾಯಿಯ ಮೂಗಿನೊಳಗಿನ ಒಂದು ಬಗೆಯ ಜೀವಕೋಶಗಳನ್ನು ತೆಗೆದು, ಬೆಳೆಸಿ, ಅದೇ ನಾಯಿಯ ಬೆನ್ನುಹುರಿಗೆ ಸೇರಿಸಿದರು. ಕೆಲವಕ್ಕೆ ಹೋಲಿಕೆಗಾಗಿ ಬರೀ ದ್ರವ ಕೊಟ್ಟರು. ಜೀವಕೋಶ ಪಡೆದವುಗಳಲ್ಲಿ ಮುಂಗಾಲು ಹಿಂಗಾಲುಗಳ ಹೊಂದಾಣಿಕೆ ಉತ್ತಮವಾಯಿತು. ಆದರೆ ಮಿದುಳಿನಿಂದ ಬರುವ ಆಜ್ಞೆಯ ದೂರದ ಸಂಪರ್ಕ, ಮೂತ್ರದ ಹತೋಟಿ ಮರಳಿದ್ದು ಕಾಣಲಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಮಾಮೂಲು ಚಿಕಿತ್ಸೆ ಇದಲ್ಲ. ಇದರ ಹೆಸರು ಹೇಳಿ ಯಾರಾದರೂ ದೊಡ್ಡ ಭರವಸೆ ಕೊಟ್ಟರೆ ನಂಬುವ ಮುಂಚೆ ವಿಚಾರಿಸಿ.

ಖರ್ಚು, ತೀರ್ಮಾನ

ಸಣ್ಣ ರೈತನಿಗೆ ಇದು ಸಣ್ಣ ಖರ್ಚಲ್ಲ. ಸ್ಕ್ಯಾನಿಂಗ್, ಆಪರೇಶನ್, ಓಡಾಟ, ಮದ್ದು ಎಲ್ಲ ಸೇರುತ್ತದೆ. ಎಲ್ಲ ಊರಿನ ಪಶು ಆಸ್ಪತ್ರೆಯಲ್ಲೂ ಈ ಆಪರೇಶನ್ ಆಗುವುದಿಲ್ಲ. ಬೆಂಗಳೂರಿನ ಹೆಬ್ಬಾಳ, ಬೀದರ, ಶಿವಮೊಗ್ಗ, ಹಾಸನಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ನಿಮ್ಮ ಡಾಕ್ಟ್ರಿಂದ ಮೊದಲೇ ಫೋನು ಮಾಡಿಸಿ, ಬೆನ್ನಿನ ಆಪರೇಶನ್ ಮಾಡುವವರು ಇದ್ದಾರೆಯೇ, ಆ ದಿನ ಸಿಗುತ್ತಾರೆಯೇ ಅಂತ ಖಾತ್ರಿ ಮಾಡಿಕೊಂಡು ಹೊರಡಿ. ಏಟಾದ ನಾಯಿಯನ್ನು ಕಟ್ಟಿಕೊಂಡು ಊರೂರು ಅಲೆಯುವುದರಲ್ಲಿ ಹಣವೂ ಹೋಗುತ್ತದೆ, ಹುರಿಯೂ ಹೋಗುತ್ತದೆ.

ಒಪ್ಪಿಗೆ ಕೊಡುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ:

• ಆಳದ ನೋವು ಉಂಟೋ ಇಲ್ಲವೋ?
• ಮಣಿ ಎಷ್ಟು ಜಾರಿದೆ?
• ಇಂಥ ನಾಯಿಗಳು ನಡೆಯುವ ಸಾಧ್ಯತೆ ಎಷ್ಟು?
• ಒಟ್ಟು ಖರ್ಚು ಎಷ್ಟು, ನಂತರ ಮನೆಯಲ್ಲಿ ಏನೇನು ಮಾಡಬೇಕು?

ಐದನೆಯದು ನಮಗೆ ನಾವೇ ಕೇಳಿಕೊಳ್ಳಬೇಕಾದ್ದು. ದಿನಕ್ಕೆ ನಾಲ್ಕು ಸಲ ನಾಯಿಯ ಹತ್ತಿರ ಕೂರಲು ಮನೆಯಲ್ಲಿ ಜನ ಇದ್ದಾರೆಯೇ? ಇಲ್ಲವಾದರೆ ಆಪರೇಶನ್ ಎಷ್ಟು ಚೆನ್ನಾಗಿ ಆದರೂ ಹುಣ್ಣು, ಸೋಂಕಿನಲ್ಲಿ ನಾಯಿ ಹೋಗುತ್ತದೆ.

ವಾಹನದ ಏಟು, ಮಣಿ ಪೂರ್ತಿ ಜಾರಿದೆ, ಆಳದ ನೋವಿಲ್ಲ ಅಂತಾದರೆ ಡಾಕ್ಟ್ರ ಸೂಜಿಮದ್ದಿನಿಂದ ನೋವಿಲ್ಲದೆ ಕಳಿಸಿಕೊಡುವುದು ಕ್ರೌರ್ಯವಲ್ಲ. ಹುಳ ಬೀಳುವ ತನಕ ಕೊಟ್ಟಿಗೆಯ ಹಿಂದೆ ಬಿಟ್ಟು 'ಆಯುಷ್ಯ ಇದ್ದಷ್ಟು ದಿನ ಇರಲಿ' ಅನ್ನುವುದೇ ಕ್ರೌರ್ಯ. ಕಾಡಿಗೆ, ಪೇಟೆಗೆ ಕೊಂಡುಹೋಗಿ ಬಿಡುವುದಂತೂ ಇನ್ನೂ ಕೆಟ್ಟದ್ದು.

ತಡೆಯುವುದು ಎಲ್ಲಕ್ಕಿಂತ ಅಗ್ಗ. ರಸ್ತೆ ಬದಿಯ ಮನೆಯಾದರೆ ಗೇಟು, ಬೇಲಿ. ಪಿಕಪ್ಪಿನಲ್ಲಿ ಒಯ್ಯುವಾಗ ಗಿಡ್ಡ ಹಗ್ಗ, ಹಾರಿದರೆ ಹೊರಗೆ ನೇತಾಡದಷ್ಟು ಗಿಡ್ಡ. ಬೆದೆಯ ಕಾಲದಲ್ಲಿ ನಾಯಿ ರಸ್ತೆ ಸುತ್ತುವುದು ಜಾಸ್ತಿ, ಸಂತಾನಹರಣ ಮಾಡಿಸಿದರೆ ಅಲೆದಾಟ ಕಡಿಮೆಯಾಗುತ್ತದೆ. ಡ್ಯಾಶುಂಡ್ ಸಾಕಿದವರು ಅದನ್ನು ದಪ್ಪಗಾಗಲು, ಮಂಚ ಜಗಲಿ ಹಾರಲು ಬಿಡಬೇಡಿ. ಹುಚ್ಚುನಾಯಿ ರೋಗದ ಲಸಿಕೆ ವರ್ಷವರ್ಷ ಹಾಕಿಸಿ. ಲಸಿಕೆ ಆದ ನಾಯಿ ಅಂತ ಗೊತ್ತಿದ್ದರೆ ಸೊಂಟ ಬಿದ್ದ ದಿನ ಎತ್ತುವವರಿಗೂ ಧೈರ್ಯ, ಚಿವುಟಿ ನೋಡುವ ಡಾಕ್ಟ್ರಿಗೂ ಧೈರ್ಯ.